65ರಿಂದ 66 ಮಿಲಿಮೀಟರಿಗೆ: ಒಂದು ಜಾವಾ ಎಂಜಿನ್ನಿನ ಚರಿತ್ರೆ



ಚರಿತ್ರೆ ಎಂದ ಕೂಡಲೇ ನಮಗೆ ನೆನಪಾಗುವುದು ಶಿಲಾಶಾಸನ, ತಾಮ್ರಪಟ, ನಾಣ್ಯ, ಹಳೆಯ ಕಡತ. ಈ ಸಲ ನಾನು ನಿಮ್ಮ ಮುಂದೆ ಇಡುತ್ತಿರುವ ದಾಖಲೆ ಇವು ಯಾವುವೂ ಅಲ್ಲ. ಅದು ಎರಕದ ಕಬ್ಬಿಣದ ಒಂದು ಸಿಲಿಂಡರು. 1968ರಲ್ಲಿ ನಮ್ಮ ತಂದೆಯವರು ಕೊಂಡ ಜಾವಾ 250 ಮೋಟಾರ್ ಸೈಕಲ್ಲಿನದು. ಅದರ ಒಳಗೋಡೆಯ ವ್ಯಾಸವನ್ನು ಅಳೆದರೆ ಆ ಗಾಡಿ ಎಷ್ಟು ಸಲ ಕೆಟ್ಟಿತು, ಎಷ್ಟು ಸಲ ರಿಪೇರಿಯಾಯಿತು ಎಂಬುದನ್ನು ಹೇಳಬಹುದು. ಸ್ವಲ್ಪ ತಾಳ್ಮೆಯಿಂದ ನೋಡಿದರೆ, ಅದು ಯಾಕೆ ಕೆಟ್ಟಿತು ಎಂಬುದನ್ನೂ ಹೇಳಬಹುದು. ಇದು ನನಗೆ ತಿಳಿದದ್ದು ತೀರ ಈಚೆಗೆ, 2024ರಲ್ಲಿ, ನಡುರಸ್ತೆಯಲ್ಲಿ.

ಮೈಸೂರಿನಿಂದ ನಂಜನಗೂಡಿನ ಕಡೆ ಹೊರಟಿದ್ದೆ. ಕಡಕೊಳ ದಾಟಿ ಸ್ವಲ್ಪ ದೂರ ಹೋಗಿರಬೇಕು, ಎಂಜಿನ್ನಿನ ಶಬ್ದ ಬದಲಾಯಿತು. ಜಾವಾದ ಶಬ್ದ ಕೇಳಿದವರಿಗೆ ಗೊತ್ತು, ಅದಕ್ಕೊಂದು ಲಯವಿದೆ. ಆ ಲಯದ ಮೇಲೆ ಕೀಚಲು ಸ್ವರವೊಂದು ಏರಿತು, ಗಾಡಿ ಹಿಂದಕ್ಕೆ ಎಳೆದಂತಾಯಿತು, ಮರುಕ್ಷಣವೇ ಹಿಂದಿನ ಚಕ್ರ ನಿಂತು ಟೈರು ರಸ್ತೆಗೆ ಉಜ್ಜಿಕೊಂಡು ಜಾರಿತು. ಕೈ ತಾನಾಗಿ ಕ್ಲಚ್ ಹಿಡಿಯಿತೋ ಏನೋ, ಬೀಳಲಿಲ್ಲ. ಕಿಕ್ಕರ್ ಒತ್ತಿದರೆ ಬಂಡೆಯ ಮೇಲೆ ಕಾಲಿಟ್ಟ ಹಾಗಿತ್ತು. ಗ್ಯಾರೇಜಿನವರ ಭಾಷೆಯಲ್ಲಿ ಹೇಳುವುದಾದರೆ ಗಾಡಿ ‘ಸೀಜ್’ ಆಗಿತ್ತು. ಅಂದರೆ ಪಿಸ್ಟನ್ನು ಸಿಲಿಂಡರಿನೊಳಗೆ ಕಚ್ಚಿಕೊಂಡುಬಿಟ್ಟಿತ್ತು.

ಗೂಡ್ಸ್ ಆಟೋದಲ್ಲಿ ಗಾಡಿಯನ್ನು ಮನೆಗೆ ತಂದೆ. ತಂದೆಯವರಿಗೆ ಆಗ ಎಂಬತ್ತು ವರ್ಷ. ಗಾಡಿ ಓಡಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಜಗುಲಿಯ ಮೇಲೆ ಕುಳಿತಿದ್ದವರು ಗಾಡಿ ಇಳಿಸುವುದನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು.

“ಪೆಟ್ರೋಲಿಗೆ ಎಣ್ಣೆ ಹಾಕಿಸ್ದ್ಯೇನೋ?”

“ಹಾಕ್ಸಿದ್ದೆ ಅಪ್ಪ.”

“ಹಾಕ್ಸಿದ್ರೆ ಯಾಕೋ ಹಿಡ್ಕೊಳುತ್ತೆ?”

ನನ್ನ ಬಳಿ ಉತ್ತರವಿರಲಿಲ್ಲ. ಎಣ್ಣೆ ಹಾಕಿಸಿದ್ದೆನೆಂಬುದು ನನ್ನ ನೆನಪು. ಆದರೆ ನೆನಪು ಎಂಬುದು ಸಾಕ್ಷ್ಯಗಳಲ್ಲಿ ತೀರ ದುರ್ಬಲವಾದದ್ದು. ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಇಂಥ ಗಾಡಿ ಮೈಸೂರಿಗೆ ಬಂದದ್ದಾದರೂ ಹೇಗೆ ಎಂಬುದನ್ನು ನೋಡೋಣ. ಎರಡಕ್ಕೂ ಸಂಬಂಧವಿದೆ.

ಜಾವಾ ಎಂಬುದು ಇಂಡೋನೇಷ್ಯಾದ ದ್ವೀಪದ ಹೆಸರಲ್ಲ. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರಗಳ ಕಾರ್ಖಾನೆ ನಡೆಸುತ್ತಿದ್ದ ಎಂಜಿನಿಯರು. ಮೊದಲ ಮಹಾಯುದ್ಧ ಮುಗಿದ ಮೇಲೆ ಬಂದೂಕಿಗೆ ಗಿರಾಕಿಗಳು ಕಡಿಮೆಯಾದರು. ಯಂತ್ರಗಳಿದ್ದವು, ಕೆಲಸಗಾರರಿದ್ದರು, ಮಾಡುವ ಕೆಲಸವಿರಲಿಲ್ಲ. 1929ರಲ್ಲಿ ಆತ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡುಕೊಂಡ. ಯಾನೆಚೆಕ್‌ನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿ ‘ಜಾವಾ’ ಆಯಿತು. ಜೆಕ್ ಭಾಷೆಯಲ್ಲಿ ಅದನ್ನು ‘ಯಾವಾ’ ಎಂದೇ ಉಚ್ಚರಿಸುತ್ತಾರೆ. ಮೈಸೂರಿನಲ್ಲಿ ಹಾಗೆಂದರೆ “ಯಾವ್ದು?” ಎಂದು ತಿರುಗಿ ಕೇಳುತ್ತಾರೆ.

ಮೊದಲು ತಯಾರಾದ 500 ಸಿ.ಸಿ. ಗಾಡಿ ದುಬಾರಿಯಾಗಿತ್ತು, ಪೆಟ್ರೋಲನ್ನೂ ಬಹಳ ಕುಡಿಯುತ್ತಿತ್ತು. ಕಂಪೆನಿಯನ್ನು ಎತ್ತಿ ನಿಲ್ಲಿಸಿದ್ದು 1932ರಲ್ಲಿ ಬಂದ 175 ಸಿ.ಸಿ.ಯ ಅಗ್ಗದ ಗಾಡಿ. ಅದಕ್ಕಿದ್ದದ್ದು ಇಂಗ್ಲೆಂಡಿನ ವಿಲಿಯರ್ಸ್ ಕಂಪೆನಿಯ ಎರಡು ಹೊಡೆತದ, ಎಂದರೆ ಟೂ ಸ್ಟ್ರೋಕ್ ಎಂಜಿನ್ನು. ಎರಡನೆಯ ಮಹಾಯುದ್ಧದಲ್ಲಿ ನಾಡು ಜರ್ಮನರ ವಶವಾಯಿತು. 1941ರಲ್ಲಿ ಯಾನೆಚೆಕ್ ತೀರಿಕೊಂಡ. ಕಾರ್ಖಾನೆಯ ಎಂಜಿನಿಯರುಗಳು ಮಾತ್ರ ಆಕ್ರಮಣಕಾರರ ಕಣ್ಣು ತಪ್ಪಿಸಿ ಹೊಸ 250 ಸಿ.ಸಿ. ಗಾಡಿಯೊಂದರ ಕೆಲಸ ನಡೆಸಿದ್ದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದು ಹೊರಬಂದಾಗ ಯುರೋಪು ಬೆರಗಾಯಿತು. ‘ಪೆರಾಕ್’ ಎಂದು ಹೆಸರಾದ ಆ ಗಾಡಿಯ ಮುಂದಿನ ಪೀಳಿಗೆಯೇ 1954ರಿಂದ ತಯಾರಾದ 353 ಎಂಬ ಮಾದರಿ. ನಮ್ಮ ಮನೆಯ ಗಾಡಿ ಈ ಮಾದರಿಯ ಭಾರತೀಯ ರೂಪ.

ಈ ಗಾಡಿಯಲ್ಲಿ ಕೆಲವು ಜಾಣತನಗಳಿವೆ. ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ ಕಡ್ಡಿ. ಸ್ಟಾರ್ಟ್ ಮಾಡಿ ಮುಂದಕ್ಕೆ ಮಡಿಸಿದರೆ ಅದೇ ಗೇರ್ ಆಗುತ್ತದೆ. ಗೇರನ್ನು ಕಾಲಿನಿಂದ ಒತ್ತಿದರೆ ಕ್ಲಚ್ ತಾನಾಗಿ ಬಿಡಿಸಿಕೊಳ್ಳುತ್ತದೆ. ಚೈನು ಪೂರ್ತಿ ಮುಚ್ಚಿದ ಡಬ್ಬದೊಳಗೆ ಓಡುತ್ತದೆ, ಧೂಳು ಕೂರುವುದಿಲ್ಲ. ಸಿಲಿಂಡರು ಒಂದೇ, ಆದರೆ ಹೊಗೆಕೊಳವೆ ಎರಡು.

ಇನ್ನು ಮೈಸೂರಿನ ಕಥೆ. 1950ರ ದಶಕದಲ್ಲಿ ಮುಂಬಯಿಯ ಇರಾನಿ ಕುಟುಂಬದವರು ಜಾವಾ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದರು. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ವಿದೇಶಿ ವಿನಿಮಯದ ಅಭಾವ ತೀವ್ರವಾಗಿ, ಸರ್ಕಾರ ಆಮದನ್ನು ಬಿಗಿಗೊಳಿಸಿತು. ಇಲ್ಲಿಯೇ ತಯಾರಿಸುವವರಿಗೆ ಮಾತ್ರ ದಾರಿಯಿತ್ತು. ಆಗ ಪೂರ್ವ ಯುರೋಪಿನ ದೇಶಗಳು ತಂತ್ರಜ್ಞಾನ ಕೊಡಲು ಮುಂದೆ ಬಂದವು. ತಿರುಚಿನಾಪಳ್ಳಿ, ಹೈದರಾಬಾದುಗಳಲ್ಲಿ ವಿದ್ಯುತ್ ಯಂತ್ರೋಪಕರಣಗಳ ದೊಡ್ಡ ಕಾರ್ಖಾನೆಗಳಿಗೆ ನೆರವಾದದ್ದು ಜೆಕೊಸ್ಲೊವಾಕಿಯಾವೇ. ರಾಜದೂತ್ ಮೋಟಾರ್ ಸೈಕಲ್ಲಿನ ಮೂಲ ಪೋಲೆಂಡಿನದು. ಇದೇ ಅಲೆಯಲ್ಲಿ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರು 1960ರಲ್ಲಿ ಐಡಿಯಲ್ ಜಾವಾ ಕಂಪೆನಿಯನ್ನು ಮೈಸೂರಿನಲ್ಲಿ ಸ್ಥಾಪಿಸಿದರು. 1961ರಲ್ಲಿ ಆಗಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅವರು ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದರು.

ಮೈಸೂರೇ ಏಕೆ? ಅರಮನೆ, ದಸರಾ, ಮಲ್ಲಿಗೆ ಎಂದು ಮಾತ್ರ ಮೈಸೂರನ್ನು ಬಲ್ಲವರು ಈ ಪ್ರಶ್ನೆ ಕೇಳುತ್ತಾರೆ. ಶಿವನಸಮುದ್ರದ ವಿದ್ಯುತ್ತು, ಗಿರಣಿ, ರೇಷ್ಮೆ ಕಾರ್ಖಾನೆ, ಗಂಧದೆಣ್ಣೆ ಕಾರ್ಖಾನೆ, ರೈಲ್ವೆ ವರ್ಕ್‌ಷಾಪು ಇವೆಲ್ಲ ಇದ್ದ ಊರು ಅದು. ಲೇತ್ ಮುಂದೆ ನಿಂತು ಕೂದಲೆಳೆಯಷ್ಟು ಲೋಹ ಕೆತ್ತಬಲ್ಲ ಕೈಗಳು ಅಲ್ಲಿದ್ದವು. ಇಂಥ ಕೈಗಳಿಲ್ಲದ ಕಡೆ ಬರಿಯ ಯಂತ್ರ ತಂದಿಟ್ಟರೆ ಪ್ರಯೋಜನವಿಲ್ಲ.

1973ರಿಂದ ಗಾಡಿಯ ಹೆಸರು ‘ಯೆಜ್ಡಿ’ ಎಂದಾಯಿತು. ಇರಾನಿಗಳ ಪೂರ್ವಿಕರ ನಾಡಿನ ಯಜ್ದ್ ನಗರದ ನೆನಪು ಅದರಲ್ಲಿದೆ. ವಿಚಿತ್ರವೆಂದರೆ ಜೆಕ್ ಭಾಷೆಯಲ್ಲೂ ಅದೇ ಧ್ವನಿಯ ಒಂದು ಶಬ್ದವಿದ್ದು, ಅದಕ್ಕೆ ‘ಸವಾರಿ ಮಾಡುತ್ತಾನೆ’ ಎಂಬ ಅರ್ಥವಿದೆ. 1978ರಲ್ಲಿ ರೋಡ್‌ಕಿಂಗ್ ಬಂತು. 1980ರ ದಶಕದ ನಡುವೆ ಜಪಾನಿ ತಂತ್ರಜ್ಞಾನದ 100 ಸಿ.ಸಿ. ಗಾಡಿಗಳು ಬಂದು ಮಾರುಕಟ್ಟೆಯ ಲೆಕ್ಕಾಚಾರವೇ ಬದಲಾಯಿತು. ಹೊಗೆಯ ನಿಯಮಗಳೂ ಬಿಗಿಯಾಗತೊಡಗಿದವು. 1996ರಲ್ಲಿ ಮೈಸೂರಿನ ಕಾರ್ಖಾನೆ ನಿಂತಿತು. ಆಗ ನನಗೆ ಹದಿನಾರು ವರ್ಷ. ಸಂಜೆ ಸೈರನ್ ಹೊತ್ತಿಗೆ ಯಾದವಗಿರಿಯ ರಸ್ತೆಯಲ್ಲಿ ಸೈಕಲ್ಲುಗಳ ಸಾಲು ಕಾಣಿಸುವುದು ನಿಂತುಹೋಯಿತು. ಜಾವಾ ಮತ್ತು ಯೆಜ್ಡಿ ಹೆಸರುಗಳು 2018 ಮತ್ತು 2022ರಲ್ಲಿ ಬೇರೆ ಕಂಪೆನಿಯ ಮೂಲಕ ಮತ್ತೆ ರಸ್ತೆಗೆ ಬಂದವು ನಿಜ. ಆದರೆ ಅವು ನಾಲ್ಕು ಹೊಡೆತದ ಹೊಸ ಎಂಜಿನ್ನುಗಳು. ಅವಕ್ಕೂ ನಮ್ಮ ಮನೆಯ ಗಾಡಿಗೂ ಹೆಸರಿನ ನೆಂಟಸ್ತನ ಮಾತ್ರ.

ಕಾರ್ಖಾನೆ ಮುಚ್ಚುತ್ತಿದೆ ಎಂಬ ಸುದ್ದಿ ಬಂದ ದಿನ ತಂದೆಯವರು ಒಂದು ಕೆಲಸ ಮಾಡಿದ್ದರು. ಅಂಗಡಿಗೆ ಹೋಗಿ ಒಂದು ಪಿಸ್ಟನ್ನು, ಅದರ ರಿಂಗುಗಳು, ಗಜ್ಜನ್ ಪಿನ್ನು ಎಲ್ಲವನ್ನೂ ಕೊಂಡು ತಂದು, ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದರು. ಅದರ ತಲೆಯ ಮೇಲೆ 1.00 ಎಂದು ಅಚ್ಚಾಗಿತ್ತು. ಈ ಸಂಖ್ಯೆಯ ಅರ್ಥ ತಿಳಿಯಬೇಕಾದರೆ ಎಂಜಿನ್ನನ್ನು ಬಿಚ್ಚಬೇಕು.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ. 1891ರಲ್ಲಿ ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ ಎಂಬಾತ ಒಂದು ಸರಳ ಉಪಾಯ ಕಂಡುಹಿಡಿದ. ಪಿಸ್ಟನ್ನು ಮೇಲೆ ಹೋಗುವಾಗ ಅದರ ಕೆಳಗಿನ ಮುಚ್ಚಿದ ಪೆಟ್ಟಿಗೆಯಲ್ಲಿ, ಎಂದರೆ ಕ್ರ್ಯಾಂಕ್ ಕೇಸಿನಲ್ಲಿ, ಒತ್ತಡ ಕಡಿಮೆಯಾಗಿ ಗಾಳಿ ಪೆಟ್ರೋಲುಗಳ ಮಿಶ್ರಣ ಒಳಕ್ಕೆ ಬರುತ್ತದೆ. ಕೆಳಗೆ ಬರುವಾಗ ಅದೇ ಮಿಶ್ರಣ ಅದುಮಿಕೊಂಡು ಪಕ್ಕದ ದಾರಿಗಳಿಂದ ಮೇಲಕ್ಕೆ ನುಗ್ಗುತ್ತದೆ. ದಾರಿಗಳನ್ನು ತೆರೆದು ಮುಚ್ಚುವ ಕೆಲಸ ಪಿಸ್ಟನ್ನಿನದೇ. ಹೊಸ ಮಿಶ್ರಣ ನೇರವಾಗಿ ಹೊಗೆಯ ದಾರಿಗೆ ಹೋಗಿಬಿಡದಂತೆ ಅದನ್ನು ಸುತ್ತಿಸಿ ಬಳಸಿ ಕಳಿಸುವ ರೀತಿಯನ್ನು 1920ರ ದಶಕದಲ್ಲಿ ಜರ್ಮನಿಯ ಅಡಾಲ್ಫ್ ಶ್ನ್ಯೂರ್ಲೆ ರೂಪಿಸಿದ. ಜಾವಾದ ಎಂಜಿನ್ನು ಇವೆರಡರ ಕೂಸು. ಪ್ರತಿ ಸುತ್ತಿಗೂ ಒಂದು ಸ್ಫೋಟ. ನಿಮಿಷಕ್ಕೆ 3,000 ಸುತ್ತು ಎಂದರೆ ಸೆಕೆಂಡಿಗೆ 50 ಸ್ಫೋಟ. ಇಷ್ಟೊಂದು ಶಾಖದ ನಡುವೆ ಪಿಸ್ಟನ್ನಿಗೆ ಜಿಡ್ಡು ಸಿಗುವುದು ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯಿಂದ ಮಾತ್ರ. ಲೀಟರಿಗೆ 40 ಮಿಲಿಲೀಟರು. ಮರೆತರೆ ಗತಿಯಿಲ್ಲ. ಆದ್ದರಿಂದಲೇ ತಂದೆಯವರ ಪ್ರಶ್ನೆ.

ಇನ್ನೊಂದು ವಿಷಯ. ಪಿಸ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದ್ದು, ಸಿಲಿಂಡರು ಎರಕದ ಕಬ್ಬಿಣದ್ದು. ಕಾಯಿಸಿದಾಗ ಎರಡೂ ಹಿಗ್ಗುತ್ತವೆ, ಆದರೆ ಸಮನಾಗಿ ಅಲ್ಲ. 65 ಮಿಲಿಮೀಟರ್ ವ್ಯಾಸದ ಪಿಸ್ಟನ್ನು 100 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 0.13 ಮಿಲಿಮೀಟರ್ ಹಿಗ್ಗುತ್ತದೆ. ಸಿಲಿಂಡರು ಅಷ್ಟೇ ಬಿಸಿಯಾದರೆ 0.07. ಅಲ್ಲದೆ ಪಿಸ್ಟನ್ನಿಗೆ ಮೈಗೆ ಗಾಳಿ ತಾಗುವುದಿಲ್ಲ. ಅದು ಸಿಲಿಂಡರಿಗಿಂತ ಹೆಚ್ಚೇ ಕಾಯುತ್ತದೆ. ತಣ್ಣಗಿರುವಾಗ ಇವೆರಡರ ನಡುವೆ ಬಿಟ್ಟಿರುವ ಸಂದು ತಲೆಗೂದಲಿನ ದಪ್ಪಕ್ಕಿಂತ ತುಸು ಹೆಚ್ಚು, ಅಷ್ಟೆ. ಶಾಖ ಮಿತಿ ಮೀರಿದರೆ ಆ ಸಂದು ಉಳಿಯುವುದಿಲ್ಲ. ಭೌತಶಾಸ್ತ್ರದ ಪಾಠದಲ್ಲಿ ವ್ಯಾಕೋಚನ ಗುಣಾಂಕ ಎಂದು ಓದಿ ಅಂಕ ತೆಗೆದುಕೊಂಡಿದ್ದೆ. ಅದು ನಡುರಸ್ತೆಯಲ್ಲಿ ಚಕ್ರ ನಿಲ್ಲಿಸುತ್ತದೆ ಎಂದು ಮೇಷ್ಟ್ರು ಹೇಳಿರಲಿಲ್ಲ.

ಸ್ಪಾರ್ಕ್ ಪ್ಲಗ್ಗಿನ ರಂಧ್ರದಿಂದ ಸೀಮೆಎಣ್ಣೆ ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದು ಎರಡು ರಾತ್ರಿ ಬಿಟ್ಟೆ. ಮೂರನೆಯ ದಿನ ಪಿಸ್ಟನ್ನು ಮಿಸುಕಿತು. ಟ್ಯಾಂಕು ಇಳಿಸಿ, ತಲೆ ಬಿಚ್ಚಿ, ಸಿಲಿಂಡರನ್ನು ಮರದ ಸುತ್ತಿಗೆಯಿಂದ ಸುತ್ತ ಮೆಲ್ಲನೆ ತಟ್ಟಿ ಮೇಲಕ್ಕೆತ್ತಿದೆ. ಕ್ರ್ಯಾಂಕ್ ಕೇಸಿನ ಬಾಯಿಗೆ ಕೂಡಲೇ ಹಳೆಯ ಪಂಚೆಯ ತುಂಡು ತುರುಕಬೇಕು. ಸರ್ಕ್ಲಿಪ್ಪು ಒಳಗೆ ಬಿದ್ದರೆ ಎಂಜಿನ್ನು ಪೂರ್ತಿ ಬಿಚ್ಚಬೇಕಾಗುತ್ತದೆ. ಗಜ್ಜನ್ ಪಿನ್ನನ್ನು ಹೊಡೆದು ತೆಗೆಯಲು ಹೋಗಬಾರದು. ಕುದಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಪಿಸ್ಟನ್ನಿಗೆ ಸುತ್ತಿದರೆ ಅಲ್ಯೂಮಿನಿಯಂ ಹಿಗ್ಗಿ ಪಿನ್ನು ಬೆರಳಿನ ಒತ್ತಿಗೇ ಜಾರಿ ಬರುತ್ತದೆ. ಗಾಡಿಯನ್ನು ಕೆಡಿಸಿದ ನಿಯಮವೇ ಬಿಚ್ಚುವುದಕ್ಕೂ ಸಹಾಯ ಮಾಡಿತು.

ಪಿಸ್ಟನ್ನನ್ನು ತಂದು ತಂದೆಯವರ ಮುಂದೆ ಇಟ್ಟೆ. ಮುಂಭಾಗದಲ್ಲಿ, ಹೊಗೆಯ ದಾರಿಗಳಿಗೆ ಎದುರಾದ ಕಡೆಯಲ್ಲಿ, ಮೈಯೆಲ್ಲ ಗೀರಾಗಿ ಲೋಹ ಕಲಸಿದಂತಾಗಿತ್ತು. ಹಿಂಭಾಗ ಹೆಚ್ಚು ಕಡಿಮೆ ಚೊಕ್ಕಟವಾಗಿತ್ತು. ಎಣ್ಣೆಯೇ ಇಲ್ಲದಿದ್ದರೆ ಸುತ್ತಲೂ ಗೀರು ಬರಬೇಕಾಗಿತ್ತು. ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಕಂದುಬಣ್ಣಕ್ಕಿರುವ ಬದಲು ಸುಣ್ಣದಂತೆ ಬೆಳ್ಳಗಿತ್ತು. ಅಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾಗಿತ್ತು. ಕಡಿಮೆ ಪೆಟ್ರೋಲಿನ ಮಿಶ್ರಣದಲ್ಲಿ ಪಿಸ್ಟನ್ನು ಹೆಚ್ಚು ಕಾಯುತ್ತದೆ.

ಆದರೂ ಎಣ್ಣೆಯ ಪ್ರಶ್ನೆ ಇತ್ಯರ್ಥವಾಗಬೇಕಲ್ಲ. ಒಂದು ಪರೀಕ್ಷೆ ಮಾಡಿದೆ. ಲೀಟರಿಗೆ 40 ಮಿಲಿಲೀಟರಿನ ಲೆಕ್ಕದಲ್ಲಿ ಹೊಸದಾಗಿ ಸ್ವಲ್ಪ ಮಿಶ್ರಣ ಮಾಡಿಕೊಂಡು ಒಂದು ಸೋಸುಕಾಗದದ ಮೇಲೆ ಹತ್ತು ಹನಿ ಹಾಕಿದೆ. ಇನ್ನೊಂದು ಕಾಗದದ ಮೇಲೆ ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲಿನ ಹತ್ತು ಹನಿ. ಬಯಲಿನಲ್ಲಿ ನೆರಳಿಗಿಟ್ಟೆ. ಪೆಟ್ರೋಲು ಆವಿಯಾಗಿ ಎಣ್ಣೆಯ ಕಲೆ ಉಳಿಯಿತು. ಎರಡೂ ಕಲೆಗಳು ಒಂದೇ ಅಳತೆ. ತಂದೆಯವರು ಎರಡು ಕಾಗದಗಳನ್ನೂ ಬೆಳಕಿಗೆ ಹಿಡಿದು ನೋಡಿ “ಹ್ಞೂಂ” ಎಂದರು. ಅದಕ್ಕಿಂತ ಹೆಚ್ಚಿನ ಒಪ್ಪಿಗೆಯನ್ನು ಅವರಿಂದ ನಾನು ಯಾವ ಕಾಲದಲ್ಲೂ ಪಡೆದಿಲ್ಲ.

ಹಾಗಾದರೆ ಹೆಚ್ಚಿನ ಗಾಳಿ ಎಲ್ಲಿಂದ ಬಂತು? ಬಲಗಡೆಯ ಡೈನಮೋ ಮುಚ್ಚಳ ತೆಗೆದು ನೋಡಿದೆ. ಒಣಗಿರಬೇಕಾದ ಜಾಗದಲ್ಲಿ ಎಣ್ಣೆಯ ಪಸೆ. ಪಲ್ಲರ್ ಹಾಕಿ ಡೈನಮೋ ಕಳಚಿದರೆ ಹಿಂದೆ ಕ್ರ್ಯಾಂಕಿನ ಆಯಿಲ್ ಸೀಲು ಸಿಕ್ಕಿತು. ಮೆತ್ತಗೆ ದಂಡಕ್ಕೆ ಅಪ್ಪಿಕೊಂಡಿರಬೇಕಾದ ರಬ್ಬರಿನ ತುಟಿ ಒಣಗಿದ ಹುಣಿಸೆ ಬೀಜದಂತೆ ಗಟ್ಟಿಯಾಗಿ ಒಂದು ಕಡೆ ಸೀಳಿತ್ತು. ಜೋಸೆಫ್ ಡೇ ಕಂಡುಹಿಡಿದ ಆ ಮುಚ್ಚಿದ ಪೆಟ್ಟಿಗೆ ನಮ್ಮ ಗಾಡಿಯಲ್ಲಿ ಮುಚ್ಚಿಯೇ ಇರಲಿಲ್ಲ. ಪಿಸ್ಟನ್ನು ಮೇಲೇರಿದಾಗಲೆಲ್ಲ ಆ ಸೀಳಿನಿಂದ ಗಾಳಿ ಒಳಗೆ ನುಗ್ಗುತ್ತಿತ್ತು. ಇಳಿದಾಗ ಎಣ್ಣೆಯ ಮಂಜು ಹೊರಗೆ ಚಿಮ್ಮುತ್ತಿತ್ತು.

ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿರಬೇಕು. 2023ರಿಂದ ಬಂಕುಗಳಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬರತೊಡಗಿತು. ಒಂದು ಕಿಲೋಗ್ರಾಂ ಶುದ್ಧ ಪೆಟ್ರೋಲು ಪೂರ್ತಿ ಉರಿಯಲು 14.7 ಕಿಲೋಗ್ರಾಂ ಗಾಳಿ ಬೇಕು. ಎಥನಾಲಿಗೆ 9 ಕಿಲೋಗ್ರಾಂ ಸಾಕು, ಏಕೆಂದರೆ ಆಮ್ಲಜನಕ ಅದರ ಅಣುವಿನಲ್ಲಿಯೇ ಸ್ವಲ್ಪ ಇದೆ. ಬೆರಕೆ ಇಂಧನವನ್ನು 1960ರ ದಶಕದ ಕಾರ್ಬ್ಯುರೇಟರಿನ ಅದೇ ಜೆಟ್ಟಿನಿಂದ ಹಾಯಿಸಿದರೆ ಮಿಶ್ರಣದಲ್ಲಿ ಗಾಳಿಯೇ ಹೆಚ್ಚಾಗುತ್ತದೆ. ಹಳೆಯ ರಬ್ಬರಿಗೂ ಎಥನಾಲಿಗೂ ಅಷ್ಟಾಗಿ ಹೊಂದಿಕೆಯಿಲ್ಲ. ಹೊಸ ಗಾಡಿಗಳನ್ನು ಇದಕ್ಕೆ ತಕ್ಕಂತೆ ಮಾಡಿರುತ್ತಾರೆ; 1968ರ ಗಾಡಿಗೆ ಅದನ್ನು ನಾವೇ ಮಾಡಿಕೊಳ್ಳಬೇಕು.

ಈಗ ಸಿಲಿಂಡರಿಗೆ ಬರೋಣ. ಕಾರ್ಖಾನೆಯಿಂದ ಬಂದಾಗ ಅದರ ಒಳವ್ಯಾಸ 65 ಮಿಲಿಮೀಟರು. ಸವೆದಾಗ ಅಥವಾ ಗೀರು ಬಿದ್ದಾಗ ಅದನ್ನು ಕಾಲು ಮಿಲಿಮೀಟರು ದೊಡ್ಡದಾಗಿ ಕೊರೆದು, ಅಷ್ಟೇ ದೊಡ್ಡ ಪಿಸ್ಟನ್ನು ಹಾಕುತ್ತಾರೆ. ಇದನ್ನು ‘ಬೋರ್ ಮಾಡಿಸುವುದು’ ಎನ್ನುತ್ತಾರೆ. 0.25, 0.50, 0.75, ಕೊನೆಗೆ 1.00. ಅದರಾಚೆಗೆ ಪಿಸ್ಟನ್ನು ಸಿಗುವುದಿಲ್ಲ. ತಂದೆಯವರ ಡೈರಿಯಲ್ಲಿ ಮೂರು ನಮೂದುಗಳಿದ್ದವು: 1977ರಲ್ಲಿ 0.25, 1986ರಲ್ಲಿ 0.50, 1994ರಲ್ಲಿ 0.75. ಮೊದಲನೆಯದು ಒಂಬತ್ತು ವರ್ಷಕ್ಕೆ, ಕೊನೆಯದು ಎಂಟು ವರ್ಷಕ್ಕೆ. ಪ್ರತಿ ನಮೂದಿನ ಪಕ್ಕದಲ್ಲೂ ಪಿಸ್ಟನ್ನು, ರಿಂಗು, ಗ್ಯಾಸ್ಕೆಟ್ಟುಗಳ ಬೆಲೆ ಬರೆದಿತ್ತು. ಒಂದು ಕಡೆಯಾದರೂ ಆಯಿಲ್ ಸೀಲಿನ ಹೆಸರಿಲ್ಲ. ಐವತ್ತಾರು ವರ್ಷ ಗಾಯಕ್ಕೆ ಮಾತ್ರ ಮದ್ದು ಹಾಕಿದ್ದೆವು. ಹೀಗೆಂದು ನಾನು ತಂದೆಯವರಿಗೆ ಹೇಳಲಿಲ್ಲ. ಅವರೇ ಡೈರಿ ತಿರುಗಿಸಿ ನೋಡಿ ಮುಚ್ಚಿಟ್ಟರು.

ಟ್ರಂಕಿನಿಂದ 1.00 ಪಿಸ್ಟನ್ನು ಹೊರಗೆ ಬಂತು. ಇದೊಂದೇ ಇರುವುದು. ಗೀರುಗಳು ಆಳವಾಗಿದ್ದು, 66 ಮಿಲಿಮೀಟರಿಗೆ ಕೊರೆದರೂ ಹೋಗದಿದ್ದರೆ ಸಿಲಿಂಡರಿಗೆ ಹೊಸ ತೋಳು, ಎಂದರೆ ಸ್ಲೀವ್, ಹೊಡೆಸಬೇಕು. ಆಮೇಲೆ ಅದು ಯಾದವಗಿರಿಯಲ್ಲಿ ಎರಕವಾದ ಗೋಡೆಯಾಗಿ ಉಳಿಯುವುದಿಲ್ಲ.

ಮೊದಲು ಗೋಡೆಗೆ ಮೆತ್ತಿದ್ದ ಅಲ್ಯೂಮಿನಿಯಂ ತೆಗೆಯಬೇಕಿತ್ತು, ಗೀರು ನಿಜವಾಗಿ ಎಷ್ಟು ಆಳ ಎಂದು ತಿಳಿಯಲು. ಇಲ್ಲಿ ರಸಾಯನಶಾಸ್ತ್ರ ನೆರವಿಗೆ ಬಂತು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ಕರಗಿಸುತ್ತದೆ, ಕಬ್ಬಿಣಕ್ಕೆ ಏನೂ ಮಾಡುವುದಿಲ್ಲ. ದುರ್ಬಲ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಹಚ್ಚಿದರೆ ಲೋಹವಿದ್ದ ಕಡೆ ಮಾತ್ರ ಗುಳ್ಳೆ ಏಳುತ್ತದೆ, ಅದು ಜಲಜನಕ. ಗುಳ್ಳೆ ನಿಂತರೆ ಅಲ್ಯೂಮಿನಿಯಂ ಮುಗಿಯಿತು ಎಂದರ್ಥ. (ಇದು ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತು. ಕೈಗವಸು, ಕನ್ನಡಕ ಇಲ್ಲದೆ, ದೊಡ್ಡವರು ಜೊತೆಗಿಲ್ಲದೆ ಯಾರೂ ಮುಟ್ಟಬೇಡಿ. ಹತ್ತಿರದಲ್ಲಿ ಬೆಂಕಿಯೂ ಇರಬಾರದು.) ತೊಳೆದು ನೋಡಿದಾಗ ಹೆಚ್ಚಿನ ಗೀರುಗಳು ಮಾಯವಾಗಿದ್ದವು, ಎರಡು ಉಳಿದವು.

ಲೇತ್ ಮೇಸ್ತ್ರಿಗಳನ್ನು ಹುಡುಕಿಕೊಂಡು ಹೋದೆ. ವಯಸ್ಸಾದವರು, ಜಾವಾ ಕಾರ್ಖಾನೆಯಲ್ಲಿಯೇ ದುಡಿದವರು. ಸಿಲಿಂಡರನ್ನು ಕೈಗೆ ತೆಗೆದುಕೊಂಡವರು ಮೊದಲು ಕೇಳಿದ್ದು, “ಪಿಸ್ಟನ್ ತಂದಿದೀರಾ ಸಾರ್?”

“ತಂದಿದೀನಿ ಮೇಸ್ತ್ರಿಗಳೇ.”

“ಹಂಗಾದ್ರೆ ಸರಿ. ಪಿಸ್ಟನ್ ನೋಡ್ದೆ ಬೋರ್ ಹಾಕೋನು ಅಳತೆ ತಗೊಳ್ದೆ ಅಂಗಿ ಹೊಲ್ದಂಗೆ.”

ಮೈಕ್ರೋಮೀಟರಿನಲ್ಲಿ ಪಿಸ್ಟನ್ನಿನ ಕೆಳಮೈ 65.91 ಬಂತು. ಎಷ್ಟು ಸಂದು ಬಿಡಬೇಕು ಎಂಬುದರಲ್ಲಿ ನಮಗಿಬ್ಬರಿಗೂ ಚರ್ಚೆಯಾಯಿತು. ಅವರು ‘ಮೂರು ಥೌ’ ಎಂದರು. ಒಂದು ಥೌ ಎಂದರೆ ಅಂಗುಲದ ಸಾವಿರದ ಒಂದು ಭಾಗ, 0.0254 ಮಿಲಿಮೀಟರು. ನಾನು ನನ್ನ ವ್ಯಾಕೋಚನದ ಲೆಕ್ಕ, ಎಥನಾಲಿನ ಲೆಕ್ಕ ಹೇಳಿ ನಾಲ್ಕು ಎಂದೆ. “ನಾಲ್ಕು ಬಿಟ್ರೆ ತಣ್ಣಗಿದ್ದಾಗ ಪಿಸ್ಟನ್ ಗಲಗಲ ಅನ್ನುತ್ತೆ ಸಾರ್, ನಿಮ್ ತಂದೆಯವರು ನನ್ನ ಬೈತಾರೆ.” ಕೊನೆಗೆ ಮೂರೂವರೆಗೆ ಒಪ್ಪಂದವಾಯಿತು. ಮೂರೂವರೆ ಥೌ ಎಂದರೆ 0.09. ಸಿಲಿಂಡರಿನ ವ್ಯಾಸ ಸರಿಯಾಗಿ 66.00 ಆಗಬೇಕು.

ಬೋರಿಂಗ್ ಉಳಿ ಒಂದೊಂದು ಸಲ ಇಳಿದು ಬಂದಾಗಲೂ ಮೇಸ್ತ್ರಿಗಳು ಬಟ್ಟೆಯಿಂದ ಒರೆಸಿ, ಟಾರ್ಚು ಬಿಟ್ಟು ನೋಡುತ್ತಿದ್ದರು. 65.90ರಲ್ಲಿ ಒಂದು ಗೀರು ಹೋಯಿತು. ಇನ್ನೊಂದು ಉಳಿಯಿತು. 65.95ರಲ್ಲಿಯೂ ಇತ್ತು. ಅಲ್ಲಿಗೆ ಉಳಿ ನಿಲ್ಲಿಸಿದರು. ಉಳಿದದ್ದು ಹೋನಿಂಗ್ ಕಲ್ಲಿನ ಕೆಲಸ, ನೂರನೇ ಒಂದು ಭಾಗದ ಲೆಕ್ಕ. ಸೀಮೆಎಣ್ಣೆ ಬಿಡುತ್ತ ಕಲ್ಲನ್ನು ಮೇಲಕ್ಕೆ ಕೆಳಕ್ಕೆ ಆಡಿಸಿದರು. 65.98ರಲ್ಲಿ ಉಗುರಿಗೆ ಸಿಗುತ್ತಿರಲಿಲ್ಲ, ಆದರೆ ಕಣ್ಣಿಗೆ ಕೂದಲಿನಂಥ ಗೆರೆ ಕಾಣುತ್ತಿತ್ತು. ಮೇಸ್ತ್ರಿಗಳು ಯಂತ್ರ ನಿಲ್ಲಿಸಿ ಬೀಡಿ ಹಚ್ಚಿದರು. ನಾನು ಮಾತಾಡಲಿಲ್ಲ. ಬೀಡಿ ಮುಗಿದ ಮೇಲೆ ಮತ್ತೆ ಹತ್ತು ಸಲ ಆಡಿಸಿ, ಒರೆಸಿ, ಡಯಲ್ ಗೇಜ್ ಇಳಿಸಿ ನೋಡಿ, ಸಿಲಿಂಡರನ್ನು ನನ್ನ ಕೈಗೆ ಕೊಟ್ಟರು. ಒಳಗೋಡೆಯಲ್ಲಿ ಹೋನಿಂಗ್ ಕಲ್ಲಿನ ಅಡ್ಡಡ್ಡ ಗೆರೆಗಳ ಜಾಲ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಜಾಲ ಬೇಕು. ಎಣ್ಣೆ ನಿಲ್ಲುವುದು ಅದರಲ್ಲಿಯೇ.

ಕಾಗದದಲ್ಲಿ 250 ಸಿ.ಸಿ. ಎಂದಿರುವ ಈ ಗಾಡಿಯ ನಿಜವಾದ ಗಾತ್ರ ಹುಟ್ಟಿದಾಗ ಸುಮಾರು 249 ಸಿ.ಸಿ. ಇತ್ತು. ವ್ಯಾಸ 66ಕ್ಕೆ ಏರಿ, ಹೊಡೆತದ ಉದ್ದ 75 ಮಿಲಿಮೀಟರು ಹಾಗೇ ಇರುವುದರಿಂದ ಈಗ ಸುಮಾರು 256.6 ಆಗಿದೆ. ನೀವೇ ಲೆಕ್ಕ ಹಾಕಿ ನೋಡಬಹುದು.

ಜೋಡಿಸುವುದು ಹೆಚ್ಚು ಹೊತ್ತಿನ ಕೆಲಸವಲ್ಲ, ಆದರೆ ಕಣ್ಣು ತೆರೆದಿರಬೇಕು. ರಿಂಗನ್ನು ಸಿಲಿಂಡರಿನೊಳಗೆ ಒಂದಂಗುಲ ಇಳಿಸಿ ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಅಳೆದೆ. ಕಾಲು ಮಿಲಿಮೀಟರಿನಷ್ಟು ಬಂತು. ರಿಂಗಿನ ಬಾಯಿ ಪಿಸ್ಟನ್ನಿನ ಕಾಲುವೆಯಲ್ಲಿರುವ ಪುಟ್ಟ ಮೊಳೆಗೆ ಸರಿಯಾಗಿ ಕೂರಬೇಕು. ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುವುದರಿಂದ, ರಿಂಗು ತಿರುಗಿ ಅದರ ತುದಿ ಕಿಂಡಿಗೆ ಸಿಕ್ಕಿದರೆ ಮುರಿಯುತ್ತದೆ. ಪಿಸ್ಟನ್ನನ್ನು ಹಿಂದುಮುಂದಾಗಿ ಹಾಕಿದರೂ ಇದೇ ಗತಿ. ಹೊಸ ಸರ್ಕ್ಲಿಪ್ಪು, ಹೊಸ ಗ್ಯಾಸ್ಕೆಟ್ಟು, ಎರಡು ಕಡೆಗೂ ಹೊಸ ಆಯಿಲ್ ಸೀಲು, ಕಾರ್ಬ್ಯುರೇಟರಿಗೆ ಒಂದಳತೆ ದೊಡ್ಡ ಜೆಟ್ಟು. ಪೆಟ್ರೋಲಿಗೆ ಮೊದಲ ಐನೂರು ಕಿಲೋಮೀಟರಿಗೆ ಲೀಟರಿಗೆ 50 ಮಿಲಿಲೀಟರು ಎಣ್ಣೆ. ತಂದೆಯವರು ಅಳತೆಯ ಪಾತ್ರೆಯನ್ನು ತಾವೇ ಕೈಯಲ್ಲಿ ಹಿಡಿದು ಸುರಿದರು.

ಆರನೆಯ ಕಿಕ್ಕಿಗೆ ಎಂಜಿನ್ನು ಹತ್ತಿತು. ಎರಡು ಸೈಲೆನ್ಸರಿನಿಂದಲೂ ನೀಲಿ ಹೊಗೆ ಅಂಗಳ ತುಂಬಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಹೊಸ ಪಿಸ್ಟನ್ನನ್ನು ಒಮ್ಮೆಗೇ ಕಾಯಿಸಬಾರದು. ಎರಡು ನಿಮಿಷ ಓಡಿಸಿ ನಿಲ್ಲಿಸಿದೆ, ಪೂರ್ತಿ ತಣ್ಣಗಾಗಲು ಬಿಟ್ಟೆ, ಮತ್ತೆ ಐದು ನಿಮಿಷ, ಮತ್ತೆ ತಣ್ಣಗೆ. ತಂದೆಯವರು ಜಗುಲಿಯಿಂದ ಇಳಿದು ಬಂದು ಡೈನಮೋ ಮುಚ್ಚಳದ ಅಂಚಿಗೆ ಬೆರಳು ಸವರಿ ನೋಡಿದರು. ಒಣಗಿತ್ತು.

ಸಂಜೆ ಅವರು ಡೈರಿ ತರಿಸಿಕೊಂಡು 1994ರ ನಮೂದಿನ ಕೆಳಗೆ ನಡುಗುವ ಅಕ್ಷರದಲ್ಲಿ ಬರೆದರು: ‘2024. ಬೋರ್ 1.00. ಸೀಲ್ 2.’ ಬೆಲೆಯ ಜಾಗವನ್ನು ಖಾಲಿ ಬಿಟ್ಟು, “ಬಿಲ್ ಎಲ್ಲೋ?” ಎಂದು ಕೇಳಿದರು.